ಕಂಪ್ಯೂಟರಿಗೆ ಗೊತ್ತು, ಮಾಲೀಕನಿಗೆ ಗುಟ್ಟು

2001ರ ಸೆಪ್ಟೆಂಬರ್‌ನಲ್ಲಿ ಟಾಮ್ಸ್ ಹಾರ್ಡ್‌ವೇರ್ ತಾಣ ಒಂದು ಪುಟ್ಟ ವಿಡಿಯೊ ಹೊರತಂದಿತು. ಕಂಪ್ಯೂಟರಿನಲ್ಲಿ ಕ್ವೇಕ್ 3 ಆಟ ಓಡುತ್ತಿರುವಾಗಲೇ ಪ್ರೊಸೆಸರಿನ ಮೇಲಿದ್ದ, ಅದರ ಕಾವು ಹೀರುವ ಹೀಟ್‌ಸಿಂಕನ್ನು ಕಿತ್ತು ತೆಗೆಯುವುದು ಅದರಲ್ಲಿದ್ದ ಪರೀಕ್ಷೆ. ಎಎಂಡಿ ಕಂಪನಿಯ ಅಥ್ಲಾನ್ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸತ್ತಿತು. ಇಂಟೆಲ್‌ನ ಪೆಂಟಿಯಂ 3 ಹ್ಯಾಂಗ್ ಆಗಿ ನಿಂತಿತು. ಪೆಂಟಿಯಂ 4 ಮಾತ್ರ ಸುಡಲೂ ಇಲ್ಲ, ನಿಲ್ಲಲೂ ಇಲ್ಲ. ತನ್ನ ವೇಗವನ್ನು ತಾನೇ ಕುಗ್ಗಿಸಿಕೊಂಡು ತೆವಳತೊಡಗಿತು. ಹೀಟ್‌ಸಿಂಕ್ ಮರಳಿ ಕೂತ ಮೇಲೆ ಆಟ ಮೊದಲಿನ ವೇಗಕ್ಕೆ ಬಂತು.

ಆ ವರ್ಷ ಬೆರಗು ಹುಟ್ಟಿಸಿದ ಆ ಗುಣ ಈಗ ಪ್ರತಿ ಪ್ರೊಸೆಸರಿನಲ್ಲೂ, ಪ್ರತಿ ಗ್ರಾಫಿಕ್ಸ್ ಕಾರ್ಡಿನಲ್ಲೂ ಇದೆ. ಹಾಗಾಗಿ ಕಾವಿಗೆ ಕಂಪ್ಯೂಟರ್ ಸುಟ್ಟುಹೋದ ಕಥೆ ಇಂದು ಅಪರೂಪ. ಬದಲಿಗೆ ಕೇಳಿಬರುವ ದೂರು ಬೇರೆ: ‘ಸರ್ವಿಸ್ ಮಾಡಿಸಿದೆ, ಧೂಳು ತೆಗೆಸಿದೆ, ಹೊಸ ಪೇಸ್ಟ್ ಹಾಕಿಸಿದೆ. ಆಮೇಲೆ ಗೇಮ್ ಮೊದಲಿಗಿಂತ ಲ್ಯಾಗ್ ಆಗ್ತಿದೆ.’ ಆಯುಧಪೂಜೆಗೆಂದು ಕ್ಯಾಬಿನೆಟ್ ಬಿಚ್ಚಿ ಬ್ಲೋವರ್ ಹಿಡಿದ ಮನೆಗಳಲ್ಲೂ ಇದೇ ಮಾತು. ಕೂಡಲೇ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಆ ಪೇಸ್ಟಿನ ಮೇಲೆ ಗುಮಾನಿ. ದುಬಾರಿ ಟ್ಯೂಬ್ ಬರುತ್ತದೆ, ಮತ್ತೆ ಬಿಚ್ಚಾಟ ನಡೆಯುತ್ತದೆ, ಆಟ ಇದ್ದಂತೆಯೇ ಇರುತ್ತದೆ.

ಇಡೀ ಗೊಂದಲದಲ್ಲಿ ಸಿಟ್ಟು ಬರಿಸುವ ಸಂಗತಿಯೊಂದಿದೆ. ತಾನೇಕೆ ನಿಧಾನವಾದೆ ಎಂಬುದು ಯಂತ್ರಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಕಾವು ಮಿತಿ ಮೀರಿತೋ, ವಿದ್ಯುತ್ ಸಾಲದಾಯಿತೋ, ಇಲ್ಲ ಕೆಲಸವೇ ಬರಲಿಲ್ಲವೋ ಎಂಬುದನ್ನು ಚಿಪ್ ತನ್ನೊಳಗೆ ಗುರುತು ಹಾಕಿಕೊಳ್ಳುತ್ತದೆ. ಪುಕ್ಕಟೆ ಸಿಗುವ ಜಿಪಿಯು-ಜೆಡ್ ತಂತ್ರಾಂಶದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲು ಎನ್‌ವಿಡಿಯಾ ಕಾರ್ಡಿನ ಈ ಗುರುತನ್ನೇ ತೋರಿಸುತ್ತದೆ. ಎಚ್‌ಡಬ್ಲ್ಯೂಇನ್ಫೊ ಎಂಬ ಇನ್ನೊಂದು ಪ್ರೊಸೆಸರಿನ ಗುರುತುಗಳನ್ನು ಬಿಚ್ಚಿಡುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡವನಿಗೆ ಮಾತ್ರ ವಿಂಡೋಸ್ ಇದನ್ನು ಸರಳವಾಗಿ ಒಂದು ಸಾಲಿನಲ್ಲಿ ಹೇಳುವುದಿಲ್ಲ.

ಅದು ಹೇಳದಿರುವಷ್ಟು ದಿನ ಮಾಲೀಕ ತಾನೇ ಕೇಳಬೇಕಾದ ಮೊದಲ ಪ್ರಶ್ನೆ: ಯಂತ್ರ ಬಿಸಿಯಾಗಿ ನಿಧಾನವಾಗಿದೆಯೋ, ತಣ್ಣಗಿದ್ದೂ ನಿಧಾನವಾಗಿದೆಯೋ? ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದಕ್ಕೆ ಮಾತ್ರ ಪೇಸ್ಟಿನ ಜೊತೆ ನಂಟು. ಎರಡನೆಯದು ಹೆಚ್ಚು ಸಾಮಾನ್ಯ, ಹೆಚ್ಚು ಮೋಸದ್ದು. ಏಕೆಂದರೆ ಪರದೆಯ ಮೇಲೆ 45 ಡಿಗ್ರಿ ಕಂಡೊಡನೆ ‘ಸರ್ವಿಸ್ ಚೆನ್ನಾಗಿ ಆಗಿದೆ’ ಎಂದು ಅಂಗಡಿಯವರೂ ಗಿರಾಕಿಯೂ ಒಟ್ಟಿಗೆ ತಲೆಯಾಡಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುವುದು ಅದಕ್ಕೆ ಕೆಲಸವೇ ತಲುಪುತ್ತಿಲ್ಲವಾದ್ದರಿಂದ ಎಂಬುದು ಹೊಳೆಯುವುದೇ ಇಲ್ಲ.

ಇಂಥ ಪ್ರಕರಣಗಳಲ್ಲಿ ಅತಿ ಸರಳವಾದದ್ದು, ನಗು ತರಿಸುವಂಥದ್ದು ಮಾನಿಟರಿನ ಕೇಬಲ್. ಡೆಸ್ಕ್‌ಟಾಪಿನ ಹಿಂಭಾಗದಲ್ಲಿ ಎಚ್‌ಡಿಎಂಐ ಕಿಂಡಿ ಎರಡು ಕಡೆ ಇರುತ್ತದೆ: ಮೇಲೆ ಮದರ್‌ಬೋರ್ಡಿನದು, ಕೆಳಗೆ ಗ್ರಾಫಿಕ್ಸ್ ಕಾರ್ಡಿನದು. ಸ್ವಚ್ಛ ಮಾಡಿ ಮತ್ತೆ ಜೋಡಿಸುವಾಗ ಕೈಗೆ ಮೊದಲು ಸಿಗುವುದು ಮೇಲಿನದು. ಅಲ್ಲಿಗೆ ಸಿಕ್ಕಿಸಿದರೆ ಚಿತ್ರ ಬರುತ್ತದೆ, ವಿಂಡೋಸ್ ತೆರೆಯುತ್ತದೆ, ಯೂಟ್ಯೂಬ್ ಓಡುತ್ತದೆ. ಆಟಕ್ಕೆ ಕೂತಾಗ ಮಾತ್ರ ಪ್ರೊಸೆಸರಿನೊಳಗಿನ ಬಡಪಾಯಿ ಗ್ರಾಫಿಕ್ಸ್ ಏದುಸಿರು ಬಿಡುತ್ತಿರುತ್ತದೆ, ಅರ್ಧ ಲಕ್ಷದ ಕಾರ್ಡು ಪಕ್ಕದಲ್ಲಿ ತೂಕಡಿಸುತ್ತಿರುತ್ತದೆ. ಹೊಸ ಪೇಸ್ಟ್ ತರಲು ಹೊರಡುವ ಮುನ್ನ ಒಮ್ಮೆ ಬಗ್ಗಿ ಹಿಂಭಾಗ ನೋಡುವುದರಲ್ಲಿ ಅವಮಾನವೇನಿಲ್ಲ.

ಎರಡನೆಯದು ರ‍್ಯಾಮ್. ದೊಡ್ಡ ಕೂಲರ್ ತೆಗೆಯಲು ಕೈ ಆಡಬೇಕೆಂದರೆ ರ‍್ಯಾಮ್ ಕಡ್ಡಿಗಳನ್ನು ಮೊದಲು ಕೀಳಬೇಕಾಗುತ್ತದೆ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಎರಡು ಕಡ್ಡಿಗಳಿದ್ದರೆ ಅವು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಮೊದಲ ಎರಡರಲ್ಲೋ ಕೊನೆಯ ಎರಡರಲ್ಲೋ ಅಕ್ಕಪಕ್ಕ ಕೂರಿಸಿದರೆ ಎರಡೂ ಒಂದೇ ಚಾನೆಲ್ಲಿಗೆ ಬಂದು, ಮಾಹಿತಿ ಹರಿಯುವ ದಾರಿ ಅರ್ಧಕ್ಕೆ ಇಳಿಯುತ್ತದೆ. 16 ಜಿಬಿ ಇದ್ದದ್ದು 16 ಜಿಬಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪ್ರತ್ಯೇಕ ಕಾರ್ಡ್ ಕೊಳ್ಳಲಾಗದೆ ರೈಜನ್ 5 5600ಜಿ ಥರದ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರಿನಲ್ಲಿ ಆಡುವ ಹುಡುಗರಿಗೆ ಇದರ ಪೆಟ್ಟು ಜೋರು. ಅಂಥ ಚಿಪ್ಪಿಗೆ ಸ್ವಂತ ವಿಡಿಯೊ ಮೆಮೊರಿ ಇಲ್ಲ, ರ‍್ಯಾಮೇ ಅದರ ಅನ್ನ.

ರ‍್ಯಾಮಿನ ವೇಗದ್ದೂ ಇದೇ ಕಥೆ. ಸರ್ವಿಸ್ ವೇಳೆ ಮದರ್‌ಬೋರ್ಡಿನ ಬಟನ್ ಸೆಲ್ ತೆಗೆದು ಹಾಕಿದರೆ, ಅಥವಾ ಬಯೋಸ್ ರಿಸೆಟ್ ಮಾಡಿದರೆ, ಕಡ್ಡಿಯನ್ನು ಅದರ ಪೂರ್ಣ ವೇಗದಲ್ಲಿ ಓಡಿಸಲು ಹಿಂದೆ ಆನ್ ಮಾಡಿಟ್ಟಿದ್ದ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟಿಂಗ್ ಅಳಿಸಿಹೋಗುತ್ತದೆ. 3200ರ ಡಿಡಿಆರ್4 ಕಡ್ಡಿ ಎಷ್ಟೋ ಬೋರ್ಡುಗಳಲ್ಲಿ 2133ಕ್ಕೂ, 6000ದ ಡಿಡಿಆರ್5 ಕಡ್ಡಿ 4800ಕ್ಕೂ ಇಳಿಯುತ್ತವೆ. ಗ್ರಾಫಿಕ್ಸ್ ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ತೆರೆದುಕೊಡುವ ರಿಸೈಜಬಲ್ ಬಾರ್ ಕೂಡ ಅದೇ ರಿಸೆಟ್ಟಿನಲ್ಲಿ ಆಫ್ ಆಗಿರಬಹುದು. ಇಂಟೆಲ್ ಪ್ರೊಸೆಸರಿಗಾಗಿ ಎಂಎಸ್‌ಐ ಮಾಡಿರುವ ಹಲವು ಬೋರ್ಡುಗಳಲ್ಲಿ ಇನ್ನೊಂದು ವಿಚಿತ್ರವಿದೆ: ಯಾವ ಕೂಲರ್ ಹಾಕಿದ್ದೀರಿ ಎಂದು ಬಯೋಸ್ ಕೇಳುತ್ತದೆ. ಉತ್ತರ ‘ಬಾಕ್ಸ್ ಕೂಲರ್’ ಆದರೆ ಪ್ರೊಸೆಸರಿಗೆ ವಿದ್ಯುತ್ತಿನ ಮಿತಿ ಬಿಗಿ. ‘ವಾಟರ್ ಕೂಲರ್’ ಎಂದರೆ ಮಿತಿ 4096 ವ್ಯಾಟ್, ಅಂದರೆ ಮಿತಿಯೇ ಇಲ್ಲ. ಅವಸರದಲ್ಲಿ ಯಾವುದೋ ಒಂದನ್ನು ಒತ್ತಿ ಮುಂದೆ ಹೋದವರಿಗೆ ತಾವೇ ಪ್ರೊಸೆಸರಿಗೆ ಮೂಗುದಾರ ಹಾಕಿದ್ದೇವೆ ಎಂಬ ನೆನಪೂ ಇರುವುದಿಲ್ಲ.

ಬಿಚ್ಚುವ, ಬಿಗಿಯುವ ಬಗೆಯಲ್ಲೂ ಎಡವಟ್ಟಾಗಬಹುದು. ಇಂಟೆಲ್‌ನ ಈಚಿನ ಸಾಕೆಟ್‌ಗಳಲ್ಲಿ ಪಿನ್ನುಗಳಿರುವುದು ಬೋರ್ಡಿನ ಕಡೆ. ಪ್ರೊಸೆಸರ್ ಅವುಗಳ ಮೇಲೆ ಒತ್ತಿಕೊಂಡು ಕೂರುತ್ತದೆ. ಕೂಲರಿನ ಸ್ಕ್ರೂ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಒಂದು ಮೆಮೊರಿ ಚಾನೆಲ್ಲೇ ಕಾಣೆಯಾಗುವುದುಂಟು. ಎಎಂಡಿಯ ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇವೆ. ಅಲ್ಲಿ ಒಣಗಿದ ಪೇಸ್ಟಿಗೆ ಅಂಟಿಕೊಂಡು ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬರುವುದು ಪ್ರಸಿದ್ಧ ಅಪಘಾತ. ತೆಗೆಯುವ ಮುನ್ನ ಸ್ವಲ್ಪ ಹೊತ್ತು ಯಂತ್ರ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಟ್ಟು, ಆಫ್ ಮಾಡಿ, ಮೆಲ್ಲಗೆ ತಿರುಚಿ ಬಿಡಿಸಿದರೆ ಅದು ತಪ್ಪುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೂಡ ಸ್ಲಾಟಿನಲ್ಲಿ ಪೂರ್ತಿ ಇಳಿಯದೆ, 16 ಹಾದಿಗಳಲ್ಲಿ ನಾಲ್ಕರಲ್ಲೋ ಒಂದರಲ್ಲೋ ಕೆಲಸ ಮಾಡುತ್ತಿರಬಹುದು. ಜಿಪಿಯು-ಜೆಡ್‌ನ ಬಸ್ ಎಂಬ ಸಾಲು ಅದನ್ನು ತೋರಿಸುತ್ತದೆ.

ಲ್ಯಾಪ್‌ಟಾಪಿನ ವಿಷಯಕ್ಕೆ ಬಂದರೆ, ಸರ್ವಿಸ್ ಆದ ಮೇಲೆ ಪ್ರೊಸೆಸರಿನ ವೇಗ 0.79 ಗಿಗಾಹರ್ಟ್ಸ್‌ಗೆ ಅಂಟಿಕೊಂಡು ಕೂತರೆ ಪೇಸ್ಟನ್ನು ಮರೆತುಬಿಡಬಹುದು. ಅದು ಬಹುಮಟ್ಟಿಗೆ ‘ಬಿಡಿ ಪ್ರೊಕ್‌ಹಾಟ್’ ಎಂಬ ಸಂಕೇತದ ಕೆಲಸ. ಪ್ರೊಸೆಸರ್ ತಣ್ಣಗಿದ್ದರೂ ಬೋರ್ಡಿನ ಬೇರೆ ಯಾವುದೋ ಭಾಗ ‘ಅಪಾಯ, ನಿಧಾನಿಸು’ ಎಂದು ಕೂಗಿದಾಗ ಅದು ತನ್ನ ಕನಿಷ್ಠ ವೇಗಕ್ಕೆ ಇಳಿಯುತ್ತದೆ. ಸರಿಯಾಗಿ ಕೂರದ ಸೆನ್ಸರ್ ಕೇಬಲ್, ಮತ್ತೆ ಸಿಕ್ಕಿಸಲು ಮರೆತ ಬ್ಯಾಟರಿ, ಯಂತ್ರ ಗುರುತು ಹಿಡಿಯದ ಅಡಾಪ್ಟರ್, ಇವುಗಳಲ್ಲಿ ಯಾವುದಾದರೂ ಕಾರಣವಾಗಬಹುದು. ಡೆಲ್ ಲ್ಯಾಪ್‌ಟಾಪುಗಳು ಅಡಾಪ್ಟರಿನ ವ್ಯಾಟೇಜ್ ತಿಳಿಯದಿದ್ದರೆ ವೇಗ ತಗ್ಗಿಸುವುದು ಹಳೆಯ ಸಂಗತಿ. 230 ವ್ಯಾಟಿನ ಗೇಮಿಂಗ್ ಲ್ಯಾಪ್‌ಟಾಪನ್ನು 65 ವ್ಯಾಟಿನ ಟೈಪ್-ಸಿ ಚಾರ್ಜರಿನಲ್ಲಿ ಪರೀಕ್ಷಿಸಿ ಕೈಚೆಲ್ಲುವವರೂ ಇದ್ದಾರೆ. ಆಟ ಕರಾರುವಾಕ್ಕಾಗಿ ಸೆಕೆಂಡಿಗೆ 30 ಚಿತ್ರಗಳಲ್ಲಿ, ಅಂದರೆ 30 ಎಫ್‌ಪಿಎಸ್‌ನಲ್ಲಿ, ನಿಂತಿದ್ದರಂತೂ ಚಾರ್ಜರ್ ಸಿಕ್ಕಿದೆಯೇ ಎಂದು ಮೊದಲು ನೋಡಬೇಕು. ಎನ್‌ವಿಡಿಯಾದ ಬ್ಯಾಟರಿ ಬೂಸ್ಟ್ ಬ್ಯಾಟರಿಯಲ್ಲಿರುವಾಗ ಆಟಕ್ಕೆ ಹಾಕುವ ಕಡಿವಾಣ ಹಲವು ಬಾರಿ ಅದೇ ಅಂಕಿ.

ಇನ್ನು ನಿಜವಾಗಿ ಬಿಸಿಯಾಗಿ ನಿಧಾನವಾದ ಯಂತ್ರಗಳು. ಇಲ್ಲೂ ಅಂಕಿಯನ್ನು ಓದುವ ಬಗೆಯಲ್ಲೇ ಅರ್ಧ ತಪ್ಪು ನಡೆಯುತ್ತದೆ. 2022ರಲ್ಲಿ ಬಂದ ರೈಜನ್ 7000 ಸರಣಿಯ ಚಿಪ್‌ಗಳು ಪೂರ್ತಿ ಹೊರೆ ಬಿದ್ದಾಗ 95 ಡಿಗ್ರಿಗೆ ಏರುವುದು ವಿನ್ಯಾಸದಲ್ಲೇ ಇದೆ ಎಂದು ಎಎಂಡಿ ಹೇಳಿತ್ತು. ಅದನ್ನು ನೋಡಿ ಗಾಬರಿಯಾಗಿ ಪೇಸ್ಟ್ ಬದಲಿಸಿದರೆ ಅಂಕಿ ಇಳಿಯದೆಯೂ ಇರಬಹುದು. ಚಿಪ್ ಉಳಿದ ಅವಕಾಶವನ್ನು ವೇಗಕ್ಕೆ ಬಳಸಿಕೊಳ್ಳುತ್ತದೆ. ಅಂದರೆ ಡಿಗ್ರಿಯೊಂದನ್ನೇ ನೋಡಿದರೆ ಪ್ರಯೋಜನವಿಲ್ಲ. ಡಿಗ್ರಿ, ಗಿಗಾಹರ್ಟ್ಸ್, ವ್ಯಾಟ್ ಮೂರನ್ನೂ ಒಟ್ಟಿಗೆ ನೋಡಬೇಕು. ಜೊತೆಗೆ ಕೋಣೆಯ ಕಾವನ್ನೂ. ಗಾಳಿಯಲ್ಲಿ ತಣಿಸುವ ಯಾವ ಕೂಲರೂ ಕೋಣೆಯ ಗಾಳಿಗಿಂತ ಕೆಳಗೆ ಇಳಿಸಲಾರದು. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಕಲಬುರಗಿ, ರಾಯಚೂರಿನ ಮೇ ತಿಂಗಳಂತೂ 40 ದಾಟುವುದು ಮಾಮೂಲು. ಡಿಸೆಂಬರಿನ ಚಳಿಯಲ್ಲಿ ಬರೆದಿಟ್ಟ ಅಂಕಿಯನ್ನು ಯುಗಾದಿಯ ನಂತರದ ಅಂಕಿಗೆ ಹೋಲಿಸಿ ಸರ್ವಿಸ್ ಮಾಡಿದವನನ್ನು ಬೈಯುವುದು ನ್ಯಾಯವಲ್ಲ.

ಹೀಟ್‌ಸಿಂಕಿನ ಕಾಪರ್ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯದೆ ಕೂರಿಸುವುದು, ವಾಟರ್ ಕೂಲರಿನ ಪಂಪ್ ವೈರ್ ಸಿಕ್ಕಿಸಲು ಮರೆಯುವುದು, ಫ್ಯಾನ್ ಹಿಂದುಮುಂದಾಗುವುದು, ಇವು ಎಲ್ಲರಿಗೂ ಗೊತ್ತಿರುವ ತಪ್ಪುಗಳು. ಪೇಸ್ಟ್ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ಜಗಳ ಅಗತ್ಯಕ್ಕಿಂತ ಹೆಚ್ಚು ನಡೆಯುತ್ತದೆ. ಸ್ವಲ್ಪ ಹೆಚ್ಚಾದದ್ದು ಸ್ಕ್ರೂ ಬಿಗಿದಾಗ ಪಕ್ಕಕ್ಕೆ ಹೊರಬರುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಕಾರ್ಖಾನೆಯಲ್ಲಿ ಹಾಕಿದ್ದನ್ನು ಒರೆಸಿ ಅದಕ್ಕಿಂತ ಕಳಪೆಯದನ್ನು ಹಚ್ಚುವುದು. ಲೆನೊವೊದ ಕೆಲವು ಲೀಜನ್ ಲ್ಯಾಪ್‌ಟಾಪುಗಳಲ್ಲಿ ಹನಿವೆಲ್‌ನ ಪಿಟಿಎಂ7950 ಎಂಬ ತೆಳುಹಾಳೆ ಇರುತ್ತದೆ. ಸುಮಾರು 45 ಡಿಗ್ರಿಗೆ ಅದು ಮೆತ್ತಗಾಗಿ ಸಂದುಗೊಂದು ತುಂಬಿಕೊಳ್ಳುತ್ತದೆ, ಪೇಸ್ಟಿನಂತೆ ಬೇಗ ಜಾರಿಹೋಗುವುದಿಲ್ಲ. ಅಸುಸ್‌ನ ಆರ್‌ಒಜಿ ಲ್ಯಾಪ್‌ಟಾಪುಗಳ ಹಲವು ಮಾದರಿಗಳಲ್ಲಿ, 2020ರ ಪ್ಲೇಸ್ಟೇಷನ್ 5ರಲ್ಲಿ ದ್ರವಲೋಹ ಇದೆ. ಇದನ್ನೆಲ್ಲ ‘ಹಳೇ ಪೇಸ್ಟ್’ ಎಂದು ಕೆರೆದು ಹಾಕಿ ಬಿಳಿ ಪೇಸ್ಟ್ ಹಚ್ಚಿದರೆ ಕಾವು ಏರುವುದು ಖಚಿತ. ದ್ರವಲೋಹದ ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುವ ಅಪಾಯ ಬೇರೆ, ಏಕೆಂದರೆ ಅದು ವಿದ್ಯುತ್ ಹರಿಸುವ ವಸ್ತು. ಅದರೊಳಗಿನ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ ಕೂಡ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಎಡವಿಸುವುದು ಪೇಸ್ಟಿಗಿಂತ ಹೆಚ್ಚಾಗಿ, ಮೆಮೊರಿ ಚಿಪ್‌ಗಳ ಕಾವನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್. ಆರ್‌ಟಿಎಕ್ಸ್ 3080, 3090 ಕಾರ್ಡುಗಳ ಮೆಮೊರಿ ಚಿಪ್‌ಗಳು 110 ಡಿಗ್ರಿ ಮುಟ್ಟಿ ವೇಗ ತಗ್ಗಿಸುತ್ತಿದ್ದ ಕಾಲದಲ್ಲಿ ಪ್ಯಾಡ್ ಬದಲಿಸುವ ಹುಮ್ಮಸ್ಸು ಲೋಕವನ್ನೆಲ್ಲ ಹಿಡಿದಿತ್ತು. ಆದರೆ ಪ್ಯಾಡಿನ ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಮೇಲೆದ್ದು ಮುಖ್ಯ ಚಿಪ್ಪನ್ನು ಸರಿಯಾಗಿ ಮುಟ್ಟುವುದಿಲ್ಲ. ಮೆಮೊರಿ ತಣ್ಣಗಾಗಿ ಮುಖ್ಯ ಚಿಪ್ ಕುದಿಯತೊಡಗುತ್ತದೆ. ಇದರ ಸುಳಿವು ಚಿಪ್ಪಿನ ಅತಿ ಬಿಸಿಯಾದ ಜಾಗವನ್ನು ತೋರಿಸುವ ‘ಹಾಟ್‌ಸ್ಪಾಟ್’ ಎಂಬ ಅಂಕಿಯಲ್ಲಿದೆ: ಸಾಮಾನ್ಯ ತಾಪಕ್ಕೂ ಹಾಟ್‌ಸ್ಪಾಟಿಗೂ ಹತ್ತು ಹದಿನೈದು ಡಿಗ್ರಿ ಅಂತರ ಸಹಜ. ಸರ್ವಿಸ್ ನಂತರ ಅದು 30ರ ಆಚೆ ಹೋದರೆ ಕೂಲರ್ ಸಮವಾಗಿ ಕೂತಿಲ್ಲ ಎಂದೇ ಅನುಮಾನಿಸಬೇಕು. ಸ್ಕ್ರೂಗಳನ್ನು ಮೂಲೆಯಿಂದ ಎದುರುಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕೆಂಬುದು ಇದಕ್ಕೇ. ಹಲವು ಲ್ಯಾಪ್‌ಟಾಪುಗಳಲ್ಲಿ ಸ್ಕ್ರೂ ಪಕ್ಕದಲ್ಲೇ 1, 2, 3, 4 ಎಂದು ಅಚ್ಚು ಹಾಕಿರುತ್ತಾರೆ, ಓದುವವರು ಕಡಿಮೆ.

ಎಷ್ಟು ಚೆನ್ನಾಗಿ ಬಿಚ್ಚಿ ಜೋಡಿಸಿದರೂ ವಾಸಿಯಾಗದ ಪ್ರಕರಣಗಳೂ ಇವೆ. ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡು 2022ರ ಡಿಸೆಂಬರ್‌ನಲ್ಲಿ ಬಂದಾಗ ಕೆಲವರ ಕಾರ್ಡುಗಳು 110 ಡಿಗ್ರಿ ಹಾಟ್‌ಸ್ಪಾಟ್ ಮುಟ್ಟಿ ವೇಗ ಕಳೆದುಕೊಂಡವು. ಪೇಸ್ಟ್ ಬದಲಿಸಿದರೂ ಗುಣವಿಲ್ಲ. ಡೆರ್‌ಬಾವರ್ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ ಜರ್ಮನಿಯ ಓವರ್‌ಕ್ಲಾಕರ್ ಅಂಥ ಕಾರ್ಡುಗಳನ್ನು ತರಿಸಿ ಅಡ್ಡ, ಉದ್ದ ತಿರುಗಿಸಿ ಪರೀಕ್ಷಿಸಿದಾಗ ಕಾರ್ಡಿನ ಭಂಗಿ ಬದಲಾದಂತೆ ಕಾವೂ ಬದಲಾಗುವುದು ಕಂಡಿತು. ಕೂಲರಿನೊಳಗೆ ಆವಿಯಾಗಿ ಕಾವು ಸಾಗಿಸಬೇಕಾದ ದ್ರವವೇ ಕೆಲವು ಕಾರ್ಡುಗಳಲ್ಲಿ ಸಾಲದಾಗಿತ್ತು ಎಂದು 2023ರ ಜನವರಿಯಲ್ಲಿ ಎಎಂಡಿ ಒಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟು ಜನ ತಮ್ಮ ಕೈಗುಣವನ್ನೇ ಶಪಿಸಿಕೊಂಡಿದ್ದರೋ.

ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎನ್ನುವ ಸಂದರ್ಭಗಳು ಇಲ್ಲಿ ಧಾರಾಳ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ರೈಜನ್ ಪ್ರೊಸೆಸರುಗಳೊಳಗಿನ ಎಲ್3 ಕ್ಯಾಶ್ ಎಂಬ ವೇಗದ ಮೆಮೊರಿ ಮಂದವಾಗಿ, ಕೆಲವು ಇ-ಸ್ಪೋರ್ಟ್ಸ್ ಆಟಗಳಲ್ಲಿ ಶೇ 10ರಿಂದ 15ರಷ್ಟು ವೇಗ ಬೀಳಬಹುದೆಂದು ಎಎಂಡಿಯೇ ಪ್ರಕಟಿಸಿತು. ಅದೇ ವಾರ ಧೂಳು ತೆಗೆದು, ಅದೇ ಕೈಯಲ್ಲಿ ಹೊಸ ವಿಂಡೋಸ್ ಹಾಕಿಕೊಂಡವನು ಯಾರನ್ನು ದೂರಬೇಕಿತ್ತು? 2018ರ ಮ್ಯಾಕ್‌ಬುಕ್ ಪ್ರೊ ಪ್ರಸಂಗ ಇನ್ನೂ ಸೊಗಸು. ಕೋರ್ ಐ9 ಮಾದರಿ ಕಾವಿಗೆ ಕುಗ್ಗುತ್ತಿದೆ ಎಂದು ಯೂಟ್ಯೂಬರ್ ಡೇವ್ ಲೀ ತೋರಿಸಿದರು. ಫ್ರೀಜರಿನಲ್ಲಿಟ್ಟಾಗ ಅದೇ ಕೆಲಸ ಬೇಗ ಮುಗಿಯಿತು. ತೆಳು ದೇಹಕ್ಕೆ ಅಷ್ಟು ದೊಡ್ಡ ಚಿಪ್ ತುರುಕಿದ್ದೇ ತಪ್ಪು ಎಂದು ಎಲ್ಲರೂ ತೀರ್ಪು ಕೊಟ್ಟಾಗಿತ್ತು. ಕೆಲವೇ ದಿನಗಳಲ್ಲಿ ಆ್ಯಪಲ್ ಹೇಳಿದ್ದು, ಕಾವು ನಿರ್ವಹಿಸುವ ಫರ್ಮ್‌ವೇರಿನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿದೆ ಎಂದು. ಒಂದು ಅಪ್‌ಡೇಟ್ ಕೊಟ್ಟರು. ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ.

ಸರ್ವಿಸ್ ಅಂಗಡಿಗಳಲ್ಲಿ ಕೌಶಲಕ್ಕೆ ಬರವಿಲ್ಲ, ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಕಣ್ಣುಮುಚ್ಚಿ ಲ್ಯಾಪ್‌ಟಾಪ್ ಬಿಚ್ಚಬಲ್ಲವರಿದ್ದಾರೆ. ಇಲ್ಲದ್ದು ಲೆಕ್ಕ. ಯಂತ್ರ ಒಳಗೆ ಹೋದಾಗ ಹೇಗಿತ್ತು, ಹೊರಗೆ ಬಂದಾಗ ಹೇಗಿದೆ ಎಂಬ ದಾಖಲೆಯಿಲ್ಲದೆ ಕಾಸು ಕೈ ಬದಲಾಗುತ್ತದೆ. ಗಿರಾಕಿಗೆ ತೋರಿಸುವುದು ಸುಮ್ಮನೆ ಡೆಸ್ಕ್‌ಟಾಪ್ ತೆರೆದಿಟ್ಟಾಗಿನ 38 ಡಿಗ್ರಿ, ಅದಕ್ಕೆ ಕವಡೆ ಬೆಲೆಯಿಲ್ಲ. ಬಿಚ್ಚುವ ಮುನ್ನ ಒಂದೇ ಆಟದ ಒಂದೇ ದೃಶ್ಯವನ್ನು ಕಾಲು ಗಂಟೆ ಓಡಿಸಿ ಎಫ್‌ಪಿಎಸ್, ಗಿಗಾಹರ್ಟ್ಸ್, ವ್ಯಾಟ್, ಡಿಗ್ರಿ, ರ‍್ಯಾಮಿನ ವೇಗ ಇವಿಷ್ಟನ್ನು ಫೋನಿನಲ್ಲಿ ಫೋಟೊ ಹಿಡಿದುಕೊಳ್ಳಬೇಕು. ಜೋಡಿಸಿದ ಮೇಲೆ ಇನ್ನೊಮ್ಮೆ. ಎರಡೂ ಫೋಟೊ ಬಿಲ್ಲಿನ ಜೊತೆ ಗಿರಾಕಿಗೆ ಹೋಗಲಿ. ಅರ್ಧ ಗಂಟೆಯ ಈ ಕೆಲಸಕ್ಕೆ ನೂರಿನ್ನೂರು ರೂಪಾಯಿ ಹೆಚ್ಚು ಕೇಳಿದರೂ ತಪ್ಪಿಲ್ಲ. ಜಗಳ ಬಂದಾಗ ಅದು ಅಂಗಡಿಯವನಿಗೇ ಶ್ರೀರಕ್ಷೆ.

ಅಂಗಡಿಗಿಂತ ದೊಡ್ಡ ಪಾಲಿನ ಹೊಣೆ ತಯಾರಕರದು. ಡೆಲ್, ಎಚ್‌ಪಿ, ಲೆನೊವೊ ತಮ್ಮ ಹಲವು ಲ್ಯಾಪ್‌ಟಾಪುಗಳನ್ನು ಬಿಚ್ಚುವ ಕೈಪಿಡಿಯನ್ನು ಯಾರು ಬೇಕಾದರೂ ಓದುವಂತೆ ಇಟ್ಟಿವೆ. ಆದರೆ ಯಾವ ಪ್ಯಾಡು ಎಷ್ಟು ದಪ್ಪ ಎಂಬ ಒಂದು ಅಂಕಿಗಾಗಿ ಗ್ರಾಫಿಕ್ಸ್ ಕಾರ್ಡ್ ಕೊಂಡವರು ಅಪರಿಚಿತರನ್ನು ಕೇಳಿಕೊಂಡು ಅಲೆಯಬೇಕು. ‘ಈ ಸ್ಟಿಕರ್ ಕಿತ್ತರೆ ವಾರಂಟಿ ಇಲ್ಲ’ ಎಂಬ ಬೆದರಿಕೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಎಚ್ಚರಿಕೆ ಪತ್ರ ಬರೆದಿತ್ತು. 2024ರಲ್ಲಿ ಗಿಗಾಬೈಟ್, ಎಎಸ್‌ರಾಕ್, ಜೋಟ್ಯಾಕ್ ಕಂಪನಿಗಳಿಗೂ ಬರೆಯಿತು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪ್ಯಾಡಿನ ದಪ್ಪ, ಸ್ಕ್ರೂವಿನ ಕ್ರಮ, ಒಳಗಿರುವುದು ಪೇಸ್ಟೋ ದ್ರವಲೋಹವೋ ಎಂಬ ವಿವರಗಳನ್ನು ಅಂಥ ಕಡೆ ಕಡ್ಡಾಯವಾಗಿ ಪ್ರಕಟಿಸುವಂತೆ ಕೇಳುವುದು ಅತಿಯಾಸೆಯಲ್ಲ.

ಕಾರಣ ಮುಚ್ಚಿಡುವ ಚಟ ಬಿಡಿಸಬಹುದು ಎಂಬುದಕ್ಕೆ ಫೋನಿನ ಲೋಕದಲ್ಲಿ ಉದಾಹರಣೆಯಿದೆ. ಬ್ಯಾಟರಿ ಹಳತಾದ ಐಫೋನ್‌ಗಳ ವೇಗವನ್ನು ಆ್ಯಪಲ್ ಸದ್ದಿಲ್ಲದೆ ತಗ್ಗಿಸುತ್ತಿದ್ದದ್ದು 2017ರ ಡಿಸೆಂಬರ್‌ನಲ್ಲಿ ಬಯಲಾಯಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಎಂಬ ಕಾರಣ ತಾಂತ್ರಿಕವಾಗಿ ಸರಿಯೇ ಇತ್ತು. ಮಾಲೀಕನಿಗೆ ಹೇಳದೆ ಮಾಡಿದ್ದು ಜನರನ್ನು ಕೆರಳಿಸಿತು. ಆ್ಯಪಲ್ ಕ್ಷಮೆ ಕೇಳಿತು. 2020ರಲ್ಲಿ ಫ್ರಾನ್ಸ್‌ನಲ್ಲಿ 2.5 ಕೋಟಿ ಯೂರೊ ದಂಡ ತೆತ್ತಿತು, ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ಇಷ್ಟಕ್ಕೂ ಮೊದಲೇ, 2018ರ ಮಾರ್ಚ್‌ನಲ್ಲಿ ಬಂದ ಐಒಎಸ್ 11.3ರಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟವೊಂದು ಸೇರಿತ್ತು. ವೇಗ ತಗ್ಗಿಸಿದ್ದರೆ ಅಲ್ಲಿ ಆ ಮಾತು ಬರೆದಿರುತ್ತದೆ, ಬೇಡವೆಂದರೆ ಆಫ್ ಮಾಡಲೂಬಹುದು.

ವಿಂಡೋಸಿನ ಟಾಸ್ಕ್ ಮ್ಯಾನೇಜರ್ 2020ರಿಂದ ಗ್ರಾಫಿಕ್ಸ್ ಕಾರ್ಡಿನ ಡಿಗ್ರಿಯನ್ನು ತೋರಿಸುತ್ತಿದೆ. ನಿಧಾನವಾದ ಕಾರಣವನ್ನು ತೋರಿಸುವ ಮಾಹಿತಿಯೂ ಆ ಕಾರ್ಡಿನ ಡ್ರೈವರಿನಲ್ಲಿ ಈಗಾಗಲೇ ಇದೆ. ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಲು ಮೈಕ್ರೋಸಾಫ್ಟ್ ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ.